ಹಳ್ಳಿ ಶಾಲೆಯ ಮೇಷ್ಟ್ರು: ಲುಡ್ವಿಗ್ ವಿಟ್ಗೆನ್‌ಸ್ಟೈನ್ (1889–1951)

ವಿಯೆನ್ನಾದ ಸಿರಿವಂತ ಉಕ್ಕು ಉದ್ಯಮಿಯ ಮಗನಾಗಿ ಹುಟ್ಟಿ, ಮುಂದೆ 20ನೆಯ ಶತಮಾನದ ಪ್ರಮುಖ ತತ್ತ್ವಶಾಸ್ತ್ರಜ್ಞರಲ್ಲಿ ಒಬ್ಬರೆನಿಸಿದ ವಿಟ್ಗೆನ್‌ಸ್ಟೈನ್ ಅವರು, 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದೊಡನೆ ಆಸ್ಟ್ರಿಯಾ-ಹಂಗೇರಿಯ ಸೇನೆಯನ್ನು ಸ್ವಇಚ್ಛೆಯಿಂದ ಸೇರಿ, ಫಿರಂಗಿ ದಳದಲ್ಲಿದ್ದು ಶೌರ್ಯಪದಕಗಳನ್ನು ಪಡೆದರು; 1918ರ ನವೆಂಬರ್‌ನಲ್ಲಿ ಇಟಲಿಯವರಿಗೆ ಸೆರೆಸಿಕ್ಕು, ಮರುವರ್ಷದ ಆಗಸ್ಟ್‌ವರೆಗೆ ಯುದ್ಧಕೈದಿಯಾಗಿದ್ದರು. ಊರಿಗೆ ಮರಳಿದವರು ಪಿತ್ರಾರ್ಜಿತ ಆಸ್ತಿಯನ್ನೆಲ್ಲ ಒಡಹುಟ್ಟಿದವರಿಗೆ ಬಿಟ್ಟುಕೊಟ್ಟು, ಶಿಕ್ಷಕರ ತರಬೇತಿ ಪಡೆದು, 1920ರಿಂದ 1926ರವರೆಗೆ ಟ್ರಾಟೆನ್‌ಬಾಖ್, ಪುಖ್‌ಬರ್ಗ್, ಓಟರ್‌ಟಾಲ್ ಮೊದಲಾದ ಬೆಟ್ಟದ ಸೀಮೆಯ ಊರುಗಳಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪಾಠ ಹೇಳಿದರು.

ಪುಸ್ತಕದ ಕಲಿಕೆಗಿಂತ ಕೈಯಾರೆ ಮಾಡಿ ತಿಳಿಯುವ ಕಲಿಕೆಯಲ್ಲಿ ನಂಬಿಕೆಯಿದ್ದ ಅವರು ಮಕ್ಕಳೊಂದಿಗೆ ಸೇರಿ ಬೆಕ್ಕಿನ ಅಸ್ಥಿಪಂಜರವನ್ನು ಜೋಡಿಸಿದ್ದುಂಟು, ಯಂತ್ರಗಳನ್ನೂ ಕಟ್ಟಡಗಳನ್ನೂ ತೋರಿಸಲು ಅವರನ್ನು ವಿಯೆನ್ನಾಕ್ಕೆ ಕರೆದೊಯ್ದದ್ದೂ ಉಂಟು. ಪದಗಳ ಅಕ್ಷರಜೋಡಣೆಯನ್ನು, ಎಂದರೆ ತಪ್ಪಿಲ್ಲದೆ ಬರೆಯುವ ಕ್ರಮವನ್ನು, ಮಕ್ಕಳು ತಾವೇ ನೋಡಿ ತಿದ್ದಿಕೊಳ್ಳಲೆಂದು ಅವರು ಸಿದ್ಧಪಡಿಸಿದ ಶಾಲಾ ನಿಘಂಟು 1926ರಲ್ಲಿ ಪ್ರಕಟವಾಯಿತು. ಅವರ ಜೀವಿತಕಾಲದಲ್ಲಿ ಅಚ್ಚಾದ ಪುಸ್ತಕಗಳು ಎರಡೇ: ಒಂದು ‘ಟ್ರ್ಯಾಕ್ಟಾಟಸ್’ ಎಂಬ ತತ್ತ್ವಶಾಸ್ತ್ರದ ಗ್ರಂಥ, ಇನ್ನೊಂದು ವಿದ್ವಾಂಸರು ಬಹುಕಾಲ ಕಡೆಗಣಿಸಿದ ಈ ನಿಘಂಟು.

ಆದರೆ ಈ ಮೇಷ್ಟ್ರ ಸಿಟ್ಟೂ ಅಷ್ಟೇ ತೀವ್ರವಾಗಿತ್ತು. ಗಣಿತದಲ್ಲಿ ಹಿಂದುಳಿದ ಹೆಣ್ಣುಮಕ್ಕಳನ್ನೂ ಅವರು ಹೊಡೆಯುತ್ತಿದ್ದರೆಂಬುದನ್ನು ಮರೆಮಾಚಲಾಗದು. 1926ರ ಏಪ್ರಿಲ್‌ನಲ್ಲಿ ಓಟರ್‌ಟಾಲ್‌ನ ಹುಡುಗನೊಬ್ಬ ಅವರ ಏಟಿಗೆ ಪ್ರಜ್ಞೆ ತಪ್ಪಿ ಬಿದ್ದಾಗ ಅವರು ರಾಜೀನಾಮೆ ಕೊಟ್ಟರು. ಸುಮಾರು ಹತ್ತು ವರ್ಷಗಳ ಬಳಿಕ ಅದೇ ಊರಿಗೆ ಮರಳಿ, ತಾವು ಹೊಡೆದಿದ್ದ ಕೆಲವು ಮಕ್ಕಳ ಮನೆಗಳಿಗೆ ಹೋಗಿ ಕ್ಷಮೆ ಬೇಡಿದರು.