ಜೋಲು ಕಿವಿಯೊಳಗಿನ ಕತ್ತಲು: ನಾಯಿಯ ಕಿವಿರೋಗವೂ ಹೋಮಿಯೋಪಥಿಯೂ

ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ನಾಯಿ ಸಾಕಿದವರಿಗೆ ಒಂದು ಸದ್ದು ಚೆನ್ನಾಗಿ ಗೊತ್ತು. ಮಗ್ಗಗಳು ನಿಂತ ಮೇಲೆ, ಅಂಗಳದ ಕತ್ತಲಲ್ಲಿ ಪಟಪಟನೆ ಕಿವಿ ಬಡಿಯುವ ಸದ್ದು. ಬೆಳಗ್ಗೆ ನೋಡಿದರೆ ನಾಯಿ ತಲೆಯನ್ನು ಒಂದು ಮಗ್ಗುಲಿಗೆ ವಾಲಿಸಿಕೊಂಡು ನಿಂತಿರುತ್ತದೆ. ಕಿವಿಯೊಳಗೆ ಕಂದು ಗುಗ್ಗೆ, ಹತ್ತಿರ ಹೋದರೆ ಕಮಟು ವಾಸನೆ. ಯಾರೋ ಬೇವಿನ ಎಣ್ಣೆ ಬಿಡುತ್ತಾರೆ, ಯಾರೋ ಔಷಧದ ಅಂಗಡಿಯಿಂದ ಡ್ರಾಪ್ಸ್ ತರುತ್ತಾರೆ. ವಾರದಲ್ಲಿ ಕಡಿಮೆಯಾಗುತ್ತದೆ, ತಿಂಗಳೊಪ್ಪತ್ತಿನಲ್ಲಿ ಮತ್ತೆ ಸೋರುತ್ತದೆ. ಮೂರನೇ ಸಲಕ್ಕೆ ನೆರೆಮನೆಯವರ ಸಲಹೆ ಬರುತ್ತದೆ: "ಹೋಮಿಯೋಪಥಿ ಗುಳಗಿ ಕೊಟ್ಟ ನೋಡ್ರಿ. ಸಿಹಿ ಇರ್ತಾವ, ನಾಯಿ ತಕರಾರ ಮಾಡಂಗಿಲ್ಲ."

ಈ ಸಲಹೆಯ ಹಿಂದೆ ಎರಡು ಶತಮಾನಗಳ ಚರಿತ್ರೆ ಇದೆ. ಈ ಸೀಮೆಯಲ್ಲಿ ಆ ಚರಿತ್ರೆಯನ್ನು ಕೆದಕಲು ಕಾರಣವೂ ಇದೆ. ರಬಕವಿಗೆ ನೆರೆಯ ಮುಧೋಳ ತನ್ನ ಬೇಟೆ ನಾಯಿಯಿಂದಲೇ ದೇಶಕ್ಕೆಲ್ಲ ಪರಿಚಿತ. ಘೋರ್ಪಡೆ ಅರಸರು ಪೋಷಿಸಿದ ಈ ತಳಿಯ ಜೋಡಿಯೊಂದು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕಾಣಿಕೆಯಾಗಿ ಹೋಗಿತ್ತು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. 2016ರಲ್ಲಿ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರ ಸೇರಿದವು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಈ ತಳಿಗಾಗಿಯೇ ಕೆಲಸ ಮಾಡುತ್ತಿದೆ. ಮುಧೋಳ ನಾಯಿಯ ಕಾಲು, ಎದೆ, ಓಟವನ್ನು ಹೊಗಳುವವರು ಬಹಳ ಮಂದಿ. ತಲೆಗೆ ಅಂಟಿದಂತೆ ಜೋತಿರುವ ಅದರ ಕಿವಿಯನ್ನು ಎತ್ತಿ ಒಳಗೆ ನೋಡುವವರು ಕಡಿಮೆ.

ಕನ್ನಡದಲ್ಲಿ ಪಶುವೈದ್ಯದ ಬರವಣಿಗೆ ಹಳೆಯದು. ಚಾಲುಕ್ಯ ವಂಶದ ಕೀರ್ತಿವರ್ಮ 12ನೇ ಶತಮಾನದಲ್ಲೇ 'ಗೋವೈದ್ಯ' ಬರೆದ. ಆದರೆ ದನಕ್ಕೂ ಕುದುರೆಗೂ ಸಿಕ್ಕ ಶಾಸ್ತ್ರ ನಾಯಿಗೆ ಸಿಗಲಿಲ್ಲ. ಉಳುವ ಎತ್ತಿನ ಬೆಲೆ ಕಾವಲು ನಾಯಿಗೆ ಯಾರೂ ಕಟ್ಟಲಿಲ್ಲ. ಯುರೋಪಿನಲ್ಲೂ 19ನೇ ಶತಮಾನದವರೆಗೆ ಸ್ಥಿತಿ ಬೇರೆಯಾಗಿರಲಿಲ್ಲ. 1845ರಲ್ಲಿ ಇಂಗ್ಲೆಂಡಿನ ವಿಲಿಯಂ ಯೂಆಟ್ ನಾಯಿಗಳ ಬಗ್ಗೆ ಬರೆದ ಪುಸ್ತಕದಲ್ಲಿ ಕಿವಿಯ ರೋಗಗಳಿಗೂ ಜಾಗ ಕೊಟ್ಟ. ಆಗ ಕಿವಿ ಸೋರಿದರೆ, ಹುಣ್ಣಾದರೆ, ಕೊಳೆತರೆ ಎಲ್ಲಕ್ಕೂ 'ಕ್ಯಾಂಕರ್' ಎಂಬ ಒಂದೇ ಹೆಸರು. ಹೆಸರೇ ಒಂದಾದಾಗ ಔಷಧವೂ ಒಂದೇ ಇದ್ದೀತು ಎಂದು ಹುಡುಕುವುದು ಸಹಜ.

ಅದಕ್ಕೂ ತುಸು ಮೊದಲೇ ಜರ್ಮನಿಯಲ್ಲಿ ಹೋಮಿಯೋಪಥಿ ಪ್ರಾಣಿಗಳ ಕಡೆಗೂ ತಿರುಗಿತು. ಪದ್ಧತಿಯ ಸ್ಥಾಪಕ ಸ್ಯಾಮ್ಯುಯೆಲ್ ಹಾನಿಮನ್ ಸಾಕುಪ್ರಾಣಿಗಳಿಗೂ ಇದೇ ಚಿಕಿತ್ಸೆ ಸಲ್ಲುತ್ತದೆ ಎಂದು ಲೈಪ್‌ಜಿಗ್‌ನಲ್ಲಿ ಪ್ರತಿಪಾದಿಸಿದ್ದ. ಅದನ್ನು ಪಶುವೈದ್ಯಕ್ಕೆ ವಿಸ್ತರಿಸಿದವನು ಅದೇ ಊರಿನ ಪಶುವೈದ್ಯ ವಿಲ್ಹೆಲ್ಮ್ ಲುಕ್ಸ್. 1833ರಲ್ಲಿ ಅವನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ರೋಗದ ದ್ರವ್ಯವನ್ನೇ ತೆಳುಮಾಡಿ ಅದೇ ರೋಗಕ್ಕೆ ಕೊಡುವ ವಿಧಾನವನ್ನು ಪ್ರಕಟಿಸಿದ. ರೋಗಾಣುಗಳ ಸಿದ್ಧಾಂತ ನೆಲೆಯೂರಲು ಇನ್ನೂ ದಶಕಗಳಿದ್ದವು. ರಕ್ತ ಸುರಿಸುವುದು, ಪಾದರಸ ಕುಡಿಸುವುದು ವಾಡಿಕೆಯಾಗಿದ್ದ ಕಾಲ ಅದು. ಆಗ ಏನನ್ನೂ ಕೆಡಿಸದ ಸಿಹಿಗುಳಿಗೆ ಜನರಿಗೆ ಹಿತವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕರ್ನಾಟಕಕ್ಕೆ ಹೋಮಿಯೋಪಥಿ ಬಂದದ್ದು ಕರುಣೆಯ ದಾರಿಯಲ್ಲಿ. ಜರ್ಮನ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ತೆರೆದರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯ ಬೇರು ಅದು. ಬಾಗಲಕೋಟೆ, ಬೆಳಗಾವಿಗಳಲ್ಲೂ ಈಗ ಹೋಮಿಯೋಪಥಿ ಕಾಲೇಜುಗಳಿವೆ. ಅಲ್ಲಿ ಕಲಿಸುವುದು ಮನುಷ್ಯರ ವೈದ್ಯ. ಆದರೂ ಮನೆಯಲ್ಲಿರುವ ಗುಳಿಗೆಯ ಶೀಶೆ ಮಗುವಿನಿಂದ ನಾಯಿಗೆ ದಾಟಲು ಎಷ್ಟು ಹೊತ್ತು? ಕಾನೂನಿನ ಮಾತು ಬೇರೆ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯಂತೆ ಪ್ರಾಣಿಗಳಿಗೆ ಚಿಕಿತ್ಸೆ ಮಾಡಬೇಕಾದವರು ನೋಂದಾಯಿತ ಪಶುವೈದ್ಯರು.

ನಾಯಿಯ ಕಿವಿಗೆ ಹೋಮಿಯೋಪಥಿ ಪುಸ್ತಕಗಳು ಹೇಳುವ ಔಷಧಗಳು ಹೆಚ್ಚುಕಡಿಮೆ ಮನುಷ್ಯರ ಪುಸ್ತಕದಿಂದಲೇ ಬಂದವು. ಮುಟ್ಟಿದರೆ ಚೀರುವಷ್ಟು ನೋವು, ಕೀವು ಇದ್ದರೆ ಹೆಪಾರ್ ಸಲ್ಫ್. ಇದನ್ನು ಕಪ್ಪೆಚಿಪ್ಪಿನ ಒಳಪದರ ಮತ್ತು ಗಂಧಕದಿಂದ ಮಾಡುತ್ತಾರೆ. ಜೇನಿನಂತೆ ಅಂಟುವ ಸ್ರಾವಕ್ಕೆ ಗ್ರಾಫೈಟಿಸ್, ಮೀನು ಕೊಳೆತಂಥ ವಾಸನೆಗೆ ಟೆಲ್ಲೂರಿಯಂ, ಹಳದಿ ಗಟ್ಟಿ ಸ್ರಾವಕ್ಕೆ ಪಲ್ಸಟಿಲಾ, ಹಳೆಯ ತುರಿಕೆಗೆ ಸೋರಿನಂ ಅಥವಾ ಸಲ್ಫರ್. ಬ್ರಿಟನ್ನಿನ ಜಾರ್ಜ್ ಮ್ಯಾಕ್ಲಿಯಡ್‌ರಂಥ ಪಶುವೈದ್ಯರು 20ನೇ ಶತಮಾನದ ಉತ್ತರಾರ್ಧದಲ್ಲಿ ಈ ಜ್ಞಾನವನ್ನು ಕ್ರಮಕ್ಕೆ ತಂದು ಪುಸ್ತಕಗಳನ್ನು ಬರೆದರು. ಈ ಪಟ್ಟಿಯ ಹಿಂದೆ ಇರುವ ತಾಳ್ಮೆಯ ಗಮನವನ್ನು ಮೆಚ್ಚಲೇಬೇಕು. ನಾಯಿ ಯಾವ ಋತುವಿನಲ್ಲಿ ಕೆರೆದುಕೊಳ್ಳುತ್ತದೆ, ಏನು ತಿನ್ನುತ್ತದೆ, ಬಿಸಿಲು ಹುಡುಕುತ್ತದೋ ನೆರಳೋ ಎಂದು ಅರ್ಧ ಗಂಟೆ ಕೇಳುವ ವೈದ್ಯರು ಎರಡೇ ನಿಮಿಷದಲ್ಲಿ ಚೀಟಿ ಬರೆದುಕೊಡುವವರಿಗಿಂತ ಮಾಲೀಕರಿಗೆ ಹತ್ತಿರವಾಗುತ್ತಾರೆ.

ಆದರೆ ಶೀಶೆಯೊಳಗೆ ಏನಿದೆ? '30' ಎಂದು ಬರೆದ ಗುಳಿಗೆ ಎಂದರೆ ಮೂಲದ್ರವ್ಯವನ್ನು ನೂರಕ್ಕೆ ಒಂದರಂತೆ ಮೂವತ್ತು ಸಲ ತೆಳುಮಾಡಿದ್ದು. ಹನ್ನೆರಡನೇ ಸಲದ ಹೊತ್ತಿಗೇ ಮೂಲದ ಒಂದು ಅಣುವಾದರೂ ಉಳಿಯುವ ಸಾಧ್ಯತೆ ಕ್ಷೀಣಿಸಿರುತ್ತದೆ. ಹಾಗಿದ್ದೂ ಗುಣ ಕಂಡರೆ ಅದನ್ನು ಪರೀಕ್ಷೆಯಲ್ಲೇ ತೋರಿಸಬೇಕು.

ಪರೀಕ್ಷೆಗಳು ನಡೆದಿವೆ. ಕಿವಿಗಿಂತ ಹೆಚ್ಚಾಗಿ ಅದರ ಮೂಲವಾದ ಅಲರ್ಜಿ ತುರಿಕೆಯ ಮೇಲೆ ನಡೆದವು; ಅಲರ್ಜಿ ಇರುವ ನಾಯಿಗಳಲ್ಲಿ ಅರ್ಧ ಅಥವಾ ಅದಕ್ಕೂ ಹೆಚ್ಚಿನವಕ್ಕೆ ಕಿವಿಯೂ ಕೆಡುತ್ತದೆ ಎಂಬುದರಿಂದ ಇವು ನಮ್ಮ ವಿಷಯಕ್ಕೂ ಸಲ್ಲುತ್ತವೆ. 2002ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಅಧ್ಯಯನದಲ್ಲಿ 18 ನಾಯಿಗಳಿಗೆ ಮಾರುಕಟ್ಟೆಯ ಹೋಮಿಯೋಪಥಿ ಮಿಶ್ರಣ ಮತ್ತು ಮದ್ದಿಲ್ಲದ ತೋರಿಕೆಯ ಔಷಧ ಎರಡನ್ನೂ ಕೊಟ್ಟು ನೋಡಿದರು. ತುರಿಕೆ ತುಸು ಇಳಿದದ್ದು ಎರಡೇ ನಾಯಿಗಳಲ್ಲಿ. ಅವುಗಳಲ್ಲೊಂದು ಆಗ ತಿನ್ನುತ್ತಿದ್ದದ್ದು ತೋರಿಕೆಯ ಔಷಧ. 2009ರಲ್ಲಿ ಬ್ರಿಟನ್ನಿನ ತಂಡ ಒಂದೊಂದು ನಾಯಿಗೂ ಪ್ರತ್ಯೇಕವಾಗಿ ಗುಳಿಗೆ ಆರಿಸಿತು. 20ರಲ್ಲಿ 15ರ ಮಾಲೀಕರಿಗೆ ಬದಲಾವಣೆ ಕಾಣಲಿಲ್ಲ, ಐದಕ್ಕೆ ಒಳ್ಳೆಯ ಫಲ ಕಂಡಿತು. ಮುಂದಿನ ಕುರುಡು ಪರೀಕ್ಷೆಗೆ ಉಳಿದ ಮೂರು ನಾಯಿಗಳ ಮಾಲೀಕರು ಯಾವುದು ನಿಜವಾದ ಗುಳಿಗೆ ಎಂದು ಸರಿಯಾಗಿಯೇ ಗುರುತಿಸಿದರು. ಹೋಮಿಯೋಪಥಿಯ ಪರ ಇರುವವರು ಈ ಮೂರನ್ನು ನೆನೆಯುತ್ತಾರೆ. ಮೂರು ನಾಯಿಗಳ ಮೇಲೆ ಇಡೀ ಪದ್ಧತಿಯನ್ನು ನಿಲ್ಲಿಸಲಾಗದು. ಅಧ್ಯಯನ ನಡೆಸಿದವರೇ ಅದನ್ನು ಪ್ರಾಥಮಿಕ ಪ್ರಯೋಗವೆಂದು ಕರೆದಿದ್ದರು.

ಭಾರತದಲ್ಲೂ ಕೆಲಸ ನಡೆದಿದೆ. ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಜೆ.ಪಿ. ವಾರ್ಷ್ಣೇಯ ಎಮ್ಮೆ, ಹಸುಗಳ ಕೆಚ್ಚಲುಬಾವಿನ ಮೇಲೆ 2004 ಮತ್ತು 2005ರಲ್ಲಿ, ನಾಯಿಗಳ ಮೂರ್ಛೆರೋಗದ ಮೇಲೆ 2007ರಲ್ಲಿ ಉತ್ಸಾಹದ ವರದಿಗಳನ್ನು ಪ್ರಕಟಿಸಿದರು. ಮೂರ್ಛೆರೋಗದ ವರದಿಯಲ್ಲಿ ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. 2017ರಲ್ಲಿ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ಖಚಿತ ನಿಲುವು ತಳೆಯಿತು: ಹೋಮಿಯೋಪಥಿಗೆ ಒಪ್ಪಬಹುದಾದ ಪುರಾವೆಯಿಲ್ಲ, ಇಂಥ ಚಿಕಿತ್ಸೆ ಸಾಕ್ಷ್ಯವಿರುವ ಔಷಧದ ಬದಲಿಗೆ ಬರಬಾರದು, ಬಂದರೆ ಜೊತೆಗಷ್ಟೇ ಬರಬೇಕು.

ಇಷ್ಟಾದರೂ "ನಮ್ಮ ನಾಯಿಗೆ ಗುಣವಾಯಿತಲ್ಲ" ಎನ್ನುವವರ ಮಾತು ಸುಳ್ಳಲ್ಲ. ಕಿವಿರೋಗ ಏರಿ ಇಳಿಯುವ ರೋಗ. ಮಾಲೀಕರು ಗುಳಿಗೆ ತರುವುದು ಅದು ತೀರಾ ಏರಿದಾಗ. ಆಮೇಲೆ ಅದು ಕೆಲಕಾಲ ಇಳಿಯುವುದು ಸಹಜ. ಗುಳಿಗೆ ಶುರುವಾದ ದಿನದಿಂದ ಕಿವಿ ಒರೆಸುವುದೂ, ಹೊಳೆ-ಕಾಲುವೆಯಲ್ಲಿ ಈಜಿಸುವುದನ್ನು ತಪ್ಪಿಸುವುದೂ ಸೇರಿಕೊಳ್ಳುತ್ತದೆ. ನಾಯಿಗೆ ನಂಬಿಕೆಯ ಹಂಗಿಲ್ಲ ನಿಜ. ಆದರೆ ಕಡಿಮೆಯಾಯಿತೋ ಇಲ್ಲವೋ ಎಂದು ಹೇಳುವವರು ನಾವು, ನಮಗೆ ಆ ಹಂಗಿದೆ.

ಈ ನಡುವೆ ಮುಖ್ಯವಾಹಿನಿಯ ಪಶುವೈದ್ಯ ದೊಡ್ಡ ತಿರುವು ಪಡೆದಿತ್ತು. 1988ರಲ್ಲಿ ಅಮೆರಿಕದ ಜಾನ್ ಆಗಸ್ಟ್ ಕಿವಿರೋಗದ ಕಾರಣಗಳನ್ನು ಬಿಡಿಸಿಟ್ಟರು. ರೋಗ ಹುಟ್ಟಿಸುವವು ಕೆಲವು: ಅಲರ್ಜಿ, ಕಿವಿಹುಳ, ಒಳಹೊಕ್ಕ ಹುಲ್ಲಿನ ಮುಳ್ಳು, ಥೈರಾಯ್ಡ್ ಕೊರತೆ. ದಾರಿ ಮಾಡಿಕೊಡುವವು ಕೆಲವು: ಜೋಲುಕಿವಿ, ತೇವ, ಒಳಗಿನ ಕೂದಲು. ರೋಗವನ್ನು ಬಿಡದೆ ಹಿಡಿದಿಡುವವು ಇನ್ನು ಕೆಲವು: ಮಲಸೀಸಿಯಾ ಎಂಬ ಶಿಲೀಂಧ್ರ, ಸ್ಟ್ಯಾಫಿಲೊಕಾಕಸ್, ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ, ಊದಿ ದಪ್ಪವಾದ ಕಿವಿಯ ಗೋಡೆ, ಹರಿದ ಕಿವಿತಮಟೆ. ಒಂದೇ 'ಕ್ಯಾಂಕರ್' ಇದ್ದ ಜಾಗದಲ್ಲಿ ಹತ್ತಾರು ಪ್ರಶ್ನೆಗಳು ನಿಂತವು. ಡ್ರಾಪ್ಸ್ ಹಾಕಿದಾಗ ಇಳಿದು ಬಿಟ್ಟಾಗ ಮರಳುವ ರಹಸ್ಯವೂ ಇಲ್ಲೇ ಬಯಲಾಯಿತು: ಡ್ರಾಪ್ಸ್ ಬ್ಯಾಕ್ಟೀರಿಯಾವನ್ನು ಕೊಂದಿತು, ಅಲರ್ಜಿ ಹಾಗೇ ಉಳಿಯಿತು. 2021ರ ಬ್ರಿಟಿಷ್ ಅಧ್ಯಯನವೊಂದು ಅಲ್ಲಿನ ನಾಯಿಗಳಲ್ಲಿ ವರ್ಷಕ್ಕೆ ಶೇಕಡ 7.3ರಷ್ಟಕ್ಕೆ ಈ ರೋಗವಿರುವುದನ್ನು ಗುರುತಿಸಿತು. ನೆಟ್ಟಗಿನ ಕಿವಿಗಿಂತ ಜೋಲುಕಿವಿಗೆ ಅಪಾಯ 1.76 ಪಟ್ಟು ಎಂದಿತು. ಮುಧೋಳ ನಾಯಿ ಸಾಕುವವರು ನೆನಪಿಡಬೇಕಾದ ಅಂಕಿ ಇದು.

ನಾಯಿಯ ಕಿವಿಯ ಕೊಳವೆ ನಮ್ಮಂತೆ ನೇರವಲ್ಲ. ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಹೊರಗಿನಿಂದ ಇಣುಕಿದರೆ ಕಾಣುವುದು ಮೊದಲ ಅರ್ಧ ಮಾತ್ರ. ಕಬ್ಬಿನ ಗದ್ದೆಯ ಬದುವಿನಲ್ಲಿ ಓಡಿದ ನಾಯಿಯ ಕಿವಿಗೆ ಹೊಕ್ಕ ಹುಲ್ಲಿನ ಮುಳ್ಳು ಆ ತಿರುವಿನಾಚೆ ಕೂತಿದ್ದರೆ ಎಣ್ಣೆಯೂ ತಾಗದು, ಗುಳಿಗೆಯೂ ತಾಗದು. ಅದನ್ನು ಚಿಮುಟದಿಂದ ತೆಗೆಯಬೇಕು. ತಮಟೆ ಹರಿದಿರುವಾಗ ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಡ್ರಾಪ್ಸ್ ಬಿಟ್ಟರೆ ನಾಯಿ ಕಿವುಡಾಗಬಹುದು. ಆದ್ದರಿಂದ ಅಂಗಡಿಯ ಡ್ರಾಪ್ಸ್ ಗುಳಿಗೆಯಷ್ಟು ನಿರುಪದ್ರವಿಯಲ್ಲ. ತಡವಾದಷ್ಟೂ ರೋಗ ನಡುಗಿವಿಗೆ ಇಳಿಯುತ್ತದೆ, ತಲೆ ವಾಲುತ್ತದೆ, ಮುಖದ ಒಂದು ಪಕ್ಕ ಸೋಲುತ್ತದೆ. ಕಟ್ಟಕಡೆಗೆ ಉಳಿಯುವ ದಾರಿ ಇಡೀ ಕೊಳವೆಯನ್ನೇ ಕೊಯ್ದು ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆ. ಸಿಹಿಗುಳಿಗೆಯಿಂದ ನೇರ ಹಾನಿಯಿಲ್ಲದಿರಬಹುದು. ಅದನ್ನು ನಂಬಿ ಕಳೆದ ಎರಡು ತಿಂಗಳು ಮಾತ್ರ ನಾಯಿಗೆ ತುಂಬ ದುಬಾರಿ.

ಹೋಮಿಯೋಪಥಿಯಿಂದ ಕಲಿಯಬೇಕಾದದ್ದು ಆ ದೀರ್ಘ ವಿಚಾರಣೆ. ಯಾವ ತಿಂಗಳಲ್ಲಿ ಶುರುವಾಯಿತು, ಪಂಜವನ್ನೂ ನೆಕ್ಕುತ್ತದೆಯೇ, ಆಹಾರ ಬದಲಾಯಿತೇ ಎಂಬುದನ್ನು ಮನೆಯವರೇ ಬರೆದಿಟ್ಟು ಪಶುವೈದ್ಯರ ಮುಂದೆ ಇಟ್ಟರೆ ಅಲರ್ಜಿಯ ಗುರುತು ಬೇಗ ಹತ್ತುತ್ತದೆ. ಜೊತೆಗೆ ಇನ್ನೊಂದು ಮಾತನ್ನೂ ಕೇಳಿ: ಕಿವಿಯ ಗುಗ್ಗೆಯನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು, ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿರಿ ಎಂದು. ಶಿಲೀಂಧ್ರವೋ ಬ್ಯಾಕ್ಟೀರಿಯಾವೋ ಎಂಬುದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ, ಖರ್ಚೂ ದೊಡ್ಡದಲ್ಲ. ಮುಂದಿನ ಸಲ ಅಂಗಳದಲ್ಲಿ ಕಿವಿ ಬಡಿಯುವ ಸದ್ದು ಕೇಳಿದಾಗ, ಎಣ್ಣೆಯ ಬಟ್ಟಲಿಗೂ ಗುಳಿಗೆಯ ಶೀಶೆಗೂ ಕೈ ಹಾಕುವ ಮೊದಲು ಆ ಪರೀಕ್ಷೆ ಮಾಡಿಸಿ.