ಮ್ಯಾಟ್ ಸ್ಟೇರ್ಸ್

ಮ್ಯಾಟ್ ಸ್ಟೇರ್ಸ್ (ಜನನ: ಫೆಬ್ರವರಿ 27, 1968) ಕೆನಡಾ ದೇಶದ ಮಾಜಿ ವೃತ್ತಿಪರ ಬೇಸ್‌ಬಾಲ್ ಆಟಗಾರ. ಪೂರ್ಣ ಹೆಸರು ಮ್ಯಾಥ್ಯೂ ವೇಡ್ ಸ್ಟೇರ್ಸ್. ಎಡಗೈ ಬ್ಯಾಟುಗಾರನಾದ ಇವರು ಮುಖ್ಯವಾಗಿ ಔಟ್‌ಫೀಲ್ಡರ್ ಆಗಿ, ಅಂದರೆ ಮೈದಾನದ ಹೊರಭಾಗವನ್ನು ಕಾಯುವ ಆಟಗಾರನಾಗಿ ಆಡಿದರು. 1992ರಿಂದ 2011ರವರೆಗೆ ಅಮೆರಿಕದ ಮೇಜರ್ ಲೀಗ್‌ನಲ್ಲಿ 13 ತಂಡಗಳ ಉಡುಪು ಧರಿಸಿದರು. ಇವುಗಳಲ್ಲಿ ಮಾಂಟ್ರಿಯಲ್ ಎಕ್ಸ್‌ಪೋಸ್ ತಂಡವೇ 2005ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಆದುದರಿಂದ, ಸಂಸ್ಥೆಗಳ ಲೆಕ್ಕದಲ್ಲಿ ಈ ಸಂಖ್ಯೆ 12 ಆಗುತ್ತದೆ.

ಆರಂಭಿಕ ಜೀವನ

ಸ್ಟೇರ್ಸ್ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಸೇಂಟ್ ಜಾನ್‌ನಲ್ಲಿ ಜನಿಸಿದರು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೇಸ್‌ಬಾಲ್ ಪ್ರದರ್ಶನ ಕ್ರೀಡೆಯಾಗಿದ್ದಾಗ ಕೆನಡಾವನ್ನು ಪ್ರತಿನಿಧಿಸಿದರು. ಮರುವರ್ಷ ಮಾಂಟ್ರಿಯಲ್ ಸಂಸ್ಥೆಯನ್ನು ಸೇರಿದರು.

ವೃತ್ತಿಜೀವನ

ಮಾಂಟ್ರಿಯಲ್ ಪರವಾಗಿ ಎರಡು ಋತುಗಳಲ್ಲಿ ಕೆಲವೇ ಪಂದ್ಯಗಳ ಅವಕಾಶ ದೊರೆಯಿತು. 1993ರಲ್ಲಿ ಜಪಾನಿನ ಚುನಿಚಿ ಡ್ರ್ಯಾಗನ್ಸ್ ತಂಡಕ್ಕೂ ಆಡಿದರು. 1995ರಲ್ಲಿ ಬಾಸ್ಟನ್‌ನಲ್ಲಿದ್ದು, 1996ರಲ್ಲಿ ಓಕ್ಲೆಂಡ್ ಸೇರಿದರು. ಅಲ್ಲಿ ನೆಲೆ ದೊರೆಯುವಷ್ಟರಲ್ಲಿ ವಯಸ್ಸು ಮೂವತ್ತರ ಸಮೀಪಕ್ಕೆ ಬಂದಿತ್ತು. 1999ರಲ್ಲಿ ಬಾರಿಸಿದ 38 ಹೋಮ್ ರನ್‌ಗಳು ಅವರ ಅತ್ಯುತ್ತಮ ಋತುವಿನ ಸಾಧನೆ. 2001ರಿಂದ ಶಿಕಾಗೊ ಕಬ್ಸ್, ಮಿಲ್ವಾಕೀ, ಪಿಟ್ಸ್‌ಬರ್ಗ್, ಕ್ಯಾನ್ಸಸ್ ಸಿಟಿ, ಟೆಕ್ಸಾಸ್, ಡೆಟ್ರಾಯಿಟ್ ಹಾಗೂ ಟೊರಾಂಟೊ ತಂಡಗಳಲ್ಲಿ ಆಡಿದರು. 2006ರೊಂದರಲ್ಲೇ ಮೂರು ತಂಡಗಳನ್ನು ಕಂಡರು.

2008ರ ಹೋಮ್ ರನ್

2008ರ ಆಗಸ್ಟ್ ಅಂತ್ಯದಲ್ಲಿ ಟೊರಾಂಟೊ ತಂಡವು ಇವರನ್ನು ಫಿಲಡೆಲ್ಫಿಯಾ ಫಿಲ್ಲೀಸ್‌ಗೆ ಬಿಟ್ಟುಕೊಟ್ಟಿತು. ಅಕ್ಟೋಬರ್ 13ರಂದು ಲಾಸ್ ಏಂಜಲೀಸ್‌ನಲ್ಲಿ ನ್ಯಾಷನಲ್ ಲೀಗ್ ಚಾಂಪಿಯನ್‌ಶಿಪ್‌ನ ನಾಲ್ಕನೆಯ ಪಂದ್ಯ ನಡೆಯಿತು. ಎಂಟನೆಯ ಇನಿಂಗ್ಸ್‌ನಲ್ಲಿ ಅಂಕಗಳು 5–5ರಲ್ಲಿ ಸಮನಾಗಿದ್ದಾಗ, ಪಿಂಚ್ ಹಿಟ್ಟರ್ ಆಗಿ ಬಂದ ನಲವತ್ತು ವರ್ಷದ ಸ್ಟೇರ್ಸ್, ಜೊನಾಥನ್ ಬ್ರಾಕ್ಸ್‌ಟನ್‌ರ ಚೆಂಡನ್ನು ಪ್ರೇಕ್ಷಕರ ನಡುವೆ ಅಟ್ಟಿದರು. 7–5ರಿಂದ ಗೆದ್ದ ಫಿಲಡೆಲ್ಫಿಯಾ ಮುಂದೆ ವರ್ಲ್ಡ್ ಸೀರೀಸ್ ಪ್ರಶಸ್ತಿಯನ್ನೂ ಪಡೆಯಿತು. ಆ ತಂಡಕ್ಕೆ ಇದು 1980ರ ನಂತರದ ಮೊದಲ ವಿಶ್ವ ಪ್ರಶಸ್ತಿ.

ಬದಲಿ ಬ್ಯಾಟುಗಾರನ ದಾಖಲೆ

ಸಹಆಟಗಾರನ ಬದಲಿಗೆ ಬ್ಯಾಟು ಹಿಡಿಯಲು ಬರುವವನೇ ಪಿಂಚ್ ಹಿಟ್ಟರ್. ಹಾಗೆ ಸ್ಥಾನ ಬಿಟ್ಟವನು ಮತ್ತೆ ಆ ಪಂದ್ಯದಲ್ಲಿ ಆಡುವಂತಿಲ್ಲ. ಬಂದವನಿಗೂ ಸಾಮಾನ್ಯವಾಗಿ ದೊರೆಯುವುದು ಒಂದೇ ಸರದಿ. ಅದೂ ಗಂಟೆಗಟ್ಟಲೆ ಕುಳಿತಿದ್ದ ಮೇಲೆ. ಈ ಪಾತ್ರದಲ್ಲಿ ಕ್ಲಿಫ್ ಜಾನ್ಸನ್ ಹೆಸರಿನಲ್ಲಿದ್ದ 20 ಹೋಮ್ ರನ್‌ಗಳ ದಾಖಲೆಯನ್ನು ಸ್ಟೇರ್ಸ್ 2010ರಲ್ಲಿ ಸ್ಯಾನ್ ಡಿಯಾಗೊ ಪರವಾಗಿ ಆಡುತ್ತ ಮುರಿದು, 23ಕ್ಕೆ ಏರಿಸಿದರು. 2008ರ ಪ್ರಸಿದ್ಧ ಹೊಡೆತ ಪ್ಲೇಆಫ್ ಪಂದ್ಯದ್ದಾದುದರಿಂದ ಈ ಲೆಕ್ಕಕ್ಕೆ ಸೇರುವುದಿಲ್ಲ.

ನಿವೃತ್ತಿಯ ನಂತರ

2011ರಲ್ಲಿ ವಾಷಿಂಗ್ಟನ್ ಪರವಾಗಿ ಆಡಿ ನಿವೃತ್ತರಾದರು. ಒಟ್ಟು 265 ಹೋಮ್ ರನ್ ಗಳಿಸಿದ್ದಾರೆ. 2015ರಲ್ಲಿ ಕೆನಡಾದ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದರು. 2017ರಲ್ಲಿ ಫಿಲಡೆಲ್ಫಿಯಾ, 2018ರಲ್ಲಿ ಸ್ಯಾನ್ ಡಿಯಾಗೊ ತಂಡಗಳಿಗೆ ಬ್ಯಾಟಿಂಗ್ ತರಬೇತುದಾರರಾಗಿದ್ದರು.