ಕಾವಲು ಯಂತ್ರದ ನೆನಪು

ಕಾವಲುಗಾರನಿಗೆ ಎರಡು ಕೆಲಸ. ನೋಡುವುದು ಒಂದು, ಕೇಳಿದಾಗ, ನೋಡಿದ್ದನ್ನು ನೆನಪಿನಿಂದ ಹೇಳುವುದು ಇನ್ನೊಂದು. ನಮ್ಮ ಹಳ್ಳಿಗಳ ತಳವಾರ ರಾತ್ರಿ ಊರು ಸುತ್ತಿದರೆ ಸಾಲದು. ಯಾರು ಬಂದರು, ಯಾರು ಹೋದರು ಎಂಬುದನ್ನು ಮರುದಿನ ಪಟೇಲನ ಮುಂದೆ ಹೇಳಬಲ್ಲವನೂ ಆಗಿರಬೇಕು. ಆತ ಕಣ್ಣು ಮುಚ್ಚಿದರೆ ಊರಿಗೆ ನಷ್ಟ. ಆತ ಮರೆತರೆ ನ್ಯಾಯಕ್ಕೆ ನಷ್ಟ. ಈಗ ಈ ಎರಡು ಕೆಲಸಗಳನ್ನೂ ನಾವು ಯಂತ್ರಕ್ಕೆ ಒಪ್ಪಿಸಿದ್ದೇವೆ. ಔಷಧದ ಅಂಗಡಿಯ ಮೂಲೆಯಲ್ಲಿ, ಬಡಾವಣೆಯ ಮನೆಯ ಹೆಬ್ಬಾಗಿಲಿನ ಮೇಲೆ, ಅದರ ಕಣ್ಣು ಕಾಣುತ್ತದೆ. ಆ ಕಣ್ಣನ್ನು ಕುರಿತು ಬಲ್ಲವರು ಬೇಕಾದಷ್ಟು ಮಾತನಾಡಿದ್ದಾರೆ. ಈ ಹೊತ್ತು ನಾನು ಹೇಳಹೊರಟಿರುವುದು ಅದರ ನೆನಪಿನ ಚರಿತ್ರೆಯನ್ನು.

ಕಣ್ಣು ಮೊದಲು ಬಂದಿತು, ನೆನಪು ಬಹಳ ತಡವಾಗಿ. ೧೯೪೨ರಲ್ಲಿ ಜರ್ಮನಿಯ ಬಾಲ್ಟಿಕ್ ತೀರದ ಪೀನೆಮ್ಯೂಂಡೆ ಎಂಬಲ್ಲಿ ವಿ-೨ ರಾಕೆಟ್ಟುಗಳನ್ನು ಹಾರಿಸಿ ಪರೀಕ್ಷಿಸುತ್ತಿದ್ದರು. ಹಾರುವ ಗಳಿಗೆಯಲ್ಲಿ ಹತ್ತಿರ ನಿಲ್ಲುವುದು ಪ್ರಾಣಕ್ಕೆ ಅಪಾಯ. ವಾಲ್ಟರ್ ಬ್ರುಖ್ ಎಂಬ ಇಂಜಿನಿಯರು ಅಲ್ಲಿ ಕ್ಯಾಮರಾ ನಿಲ್ಲಿಸಿ, ತಂತಿಯ ಮೂಲಕ ಚಿತ್ರವನ್ನು ದೂರದ ಸುರಕ್ಷಿತ ಕೋಣೆಗೆ ಹಾಯಿಸಿದ. ಇಂದಿನ ಕಾವಲು ಕ್ಯಾಮರಾಗಳ ವಂಶಾವಳಿ ಇಲ್ಲಿಂದ ಆರಂಭವಾಗುತ್ತದೆಂದು ಹೇಳುವುದು ವಾಡಿಕೆ. ಆದರೆ ಆ ಯಂತ್ರ ಏನನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. ಪರದೆಯ ಮುಂದೆ ಕುಳಿತವನು ಕಂಡದ್ದೇ ಸಾಕ್ಷ್ಯ. ಅವನು ರೆಪ್ಪೆ ಬಡಿದರೆ ಅಷ್ಟು ಹೊತ್ತಿನ ಲೋಕ ಹೋದಂತೆಯೇ.

ನೆನಪು ಬಂದದ್ದು ೧೯೫೬ರಲ್ಲಿ. ಅದೂ ಒಂದೇ ವರ್ಷದಲ್ಲಿ, ಒಂದೇ ಸೀಮೆಯಲ್ಲಿ, ಎರಡು ಬೇರೆ ಬೇರೆ ರೂಪಗಳಲ್ಲಿ. ಅಮೆರಿಕೆಯ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯಲ್ಲಿದ್ದ ಆಂಪೆಕ್ಸ್ ಸಂಸ್ಥೆಯವರು ಆ ವರ್ಷದ ಏಪ್ರಿಲ್‌ನಲ್ಲಿ, ಚಲಿಸುವ ಚಿತ್ರವನ್ನು ಎರಡಂಗುಲ ಅಗಲದ ಕಾಂತೀಯ ಟೇಪಿನ ಮೇಲೆ ಮುದ್ರಿಸುವ ಯಂತ್ರವನ್ನು ಪ್ರದರ್ಶಿಸಿದರು. ಅಲ್ಲಿಂದ ಸುಮಾರು ನಲವತ್ತು ಕಿಲೋಮೀಟರು ದೂರದ ಸ್ಯಾನ್ ಹೋಸೆಯಲ್ಲಿ ಐಬಿಎಂ ಸಂಸ್ಥೆಯವರು ಅದೇ ಸೆಪ್ಟೆಂಬರಿನಲ್ಲಿ ರಾಮಾಕ್ ಎಂಬ ಗಣಕಯಂತ್ರವನ್ನು ಪ್ರಕಟಿಸಿದರು. ಒಂದು ಚಿತ್ರಗಳಿಗಾಗಿ, ಇನ್ನೊಂದು ಲೆಕ್ಕಪತ್ರಗಳಿಗಾಗಿ. ಮುಂದೊಂದು ದಿನ ಎರಡನೆಯದು ಮೊದಲನೆಯದನ್ನು ನುಂಗಿಹಾಕೀತೆಂದು ಆಗ ಹೇಳಿದ್ದರೆ ಎರಡೂ ಊರಿನವರು ನಗುತ್ತಿದ್ದರೇನೋ.

ರಾಮಾಕ್‌ನ ಹಿಂದಿದ್ದವನು ರೆನಾಲ್ಡ್ ಜಾನ್ಸನ್. ಮೊದಲು ಶಾಲಾ ಮೇಷ್ಟ್ರು; ಪರೀಕ್ಷೆಯ ಉತ್ತರಪತ್ರಿಕೆಗಳಿಗೆ ತಾನೇ ಅಂಕ ಎಣಿಸುವ ಯಂತ್ರವೊಂದನ್ನು ರೂಪಿಸಿ ಆ ಮೂಲಕ ಐಬಿಎಂ ಸೇರಿದವನು. (ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ಕುಳಿತ ಯಾವ ಮೇಷ್ಟ್ರಿಗೆ ಆ ಆಸೆ ಹುಟ್ಟಿಲ್ಲ?) ಅಂದು ಮಾಹಿತಿಯೆಂದರೆ ರಂಧ್ರ ಕೊರೆದ ರಟ್ಟಿನ ಚೀಟಿಗಳು. ಒಂದು ಚೀಟಿಯಲ್ಲಿ ಎಂಬತ್ತು ಅಕ್ಷರ. ಬೇಕಾದುದೊಂದು ಸಿಗಬೇಕಾದರೆ ಇಡೀ ಕಟ್ಟನ್ನೇ ಯಂತ್ರದ ಬಾಯಿಗೆ ಹಾಕಬೇಕು. ಜಾನ್ಸನ್ನನ ತಂಡ, ಎರಡಡಿ ವ್ಯಾಸದ ಐವತ್ತು ಲೋಹದ ತಟ್ಟೆಗಳಿಗೆ ಕಾಂತೀಯ ಲೇಪ ಹಚ್ಚಿ, ಒಂದೇ ಅಚ್ಚಿಗೆ ಪೋಣಿಸಿ, ನಿಮಿಷಕ್ಕೆ ೧,೨೦೦ ಸುತ್ತು ತಿರುಗುವಂತೆ ಮಾಡಿತು. ಒಂದು ತೋಳು ಮೇಲೆ ಕೆಳಗೆ ಓಡಾಡಿ, ಬೇಕಾದ ತಟ್ಟೆಯ ಬೇಕಾದ ಜಾಗಕ್ಕೆ ಸೆಕೆಂಡಿನೊಳಗೆ ತಲುಪುತ್ತಿತ್ತು. ಹಿಡಿಸುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳು. ಅಂದರೆ ೬೨,೫೦೦ ಚೀಟಿಗಳ ಹೊರೆ. ತೂಕ ಒಂದು ಟನ್ನಿಗೂ ಮಿಗಿಲು. ಪುಸ್ತಕದಲ್ಲಿ ಬೇಕಾದ ಪುಟವನ್ನು ನೇರವಾಗಿ ತೆರೆಯುವುದಕ್ಕೂ ಸುರುಳಿಯೊಂದನ್ನು ಮೊದಲಿಂದ ಬಿಚ್ಚುತ್ತ ಹೋಗುವುದಕ್ಕೂ ಇರುವಷ್ಟೇ ಅಂತರ ಅದಕ್ಕೂ ಟೇಪಿಗೂ ಇತ್ತು.

ಆದರೂ ಕಾವಲಿನ ಮನೆಯಲ್ಲಿ ಬಹುಕಾಲ ಆಳಿದ್ದು ಟೇಪೇ. ೧೯೭೬ರಲ್ಲಿ ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ಕ್ಯಾಸೆಟ್ಟನ್ನು ಮಾರುಕಟ್ಟೆಗೆ ತಂದ ಮೇಲೆ ಸಣ್ಣ ಅಂಗಡಿಗೂ ಅದು ನಿಲುಕಿತು. ಎರಡು ಮೂರು ಗಂಟೆಯ ಕ್ಯಾಸೆಟ್ಟನ್ನು ಇಡೀ ದಿನಕ್ಕೆ ಎಳೆಯಲು, ಎಡೆಬಿಟ್ಟು ಎಡೆಬಿಟ್ಟು ಚಿತ್ರ ಹಿಡಿಯುವ ಯಂತ್ರಗಳು ಬಂದವು. ದಿನಕ್ಕೊಂದರಂತೆ ಮೂವತ್ತೊಂದು ಕ್ಯಾಸೆಟ್ಟು. ತಿಂಗಳು ತುಂಬಿದ ಮೇಲೆ ಮತ್ತೆ ಮೊದಲನೆಯದರ ಮೇಲೆಯೇ ಮುದ್ರಣ. ಬರೆದು ಅಳಿಸಿ, ಮತ್ತೆ ಬರೆದು ಅಳಿಸಿ, ಹುಡುಗರ ಸ್ಲೇಟಿನಂತೆ ಅವು ಸವೆಯುತ್ತಿದ್ದವು, ಚಿತ್ರ ಮಂಜುಮಂಜಾಗುತ್ತಿತ್ತು. ೧೯೯೩ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಬಳಿಯ ಬೂಟ್ಲ್ ಎಂಬಲ್ಲಿ, ಅಂಗಡಿ ಸಂಕೀರ್ಣವೊಂದರಿಂದ ಎರಡು ವರ್ಷದ ಮಗುವನ್ನು ಇಬ್ಬರು ಹುಡುಗರು ಕರೆದೊಯ್ದು ಕೊಂದರು. ಮಗು ಕೈಹಿಡಿದು ನಡೆದುಹೋಗುವ ಮಸುಕು ಚಿತ್ರ ಕ್ಯಾಮರಾದಲ್ಲಿ ಉಳಿದಿತ್ತು. ಮುಖ ಸ್ಪಷ್ಟವಿರಲಿಲ್ಲ, ನಡಿಗೆ ಮಾತ್ರ. ಇಡೀ ದೇಶ ಅದನ್ನು ದೂರದರ್ಶನದಲ್ಲಿ ನೋಡಿತು. ಮಗುವನ್ನು ಆ ಚಿತ್ರ ಉಳಿಸಲಿಲ್ಲ. ಆದರೂ ಆ ದಶಕದಲ್ಲಿ ಬ್ರಿಟನ್ನಿನ ಸರ್ಕಾರ ಊರೂರಿಗೆ ಕ್ಯಾಮರಾ ಹಾಕಿಸಲು ಹಣ ಸುರಿದದ್ದರ ಹಿಂದೆ ಆ ಮಸುಕು ಚಿತ್ರದ ಬಲ ದೊಡ್ಡದಿತ್ತು.

ಅಷ್ಟರಲ್ಲಿ ತಟ್ಟೆ ಕುಗ್ಗುತ್ತ ಬಂದಿತ್ತು. ೧೯೮೦ರಲ್ಲಿ ಸೀಗೇಟ್ ಕಂಪನಿ, ರಾಮಾಕ್ ಹಿಡಿಸುತ್ತಿದ್ದುದಕ್ಕಿಂತ ತುಸು ಹೆಚ್ಚನ್ನೇ, ಐದು ಮೆಗಾಬೈಟನ್ನು, ಎರಡು ಕೈಯಲ್ಲಿ ಎತ್ತಬಹುದಾದ ಪೆಟ್ಟಿಗೆಯೊಳಗೆ ತಂದಿತು. ೧೯೮೮ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫೆರ್, ಜರ್ಮನಿಯ ಪೀಟರ್ ಗ್ರ್ಯೂನ್‌ಬರ್ಗ್ ಎಂಬ ಇಬ್ಬರು ವಿಜ್ಞಾನಿಗಳು ಪ್ರತ್ಯೇಕವಾಗಿ, ಅತಿ ತೆಳುವಾದ ಲೋಹದ ಪದರಗಳ ವಿದ್ಯುತ್ ನಿರೋಧವು ಸಣ್ಣ ಕಾಂತಕ್ಷೇತ್ರಕ್ಕೂ ಬಹಳ ಬದಲಾಗುತ್ತದೆಂದು ಕಂಡುಕೊಂಡರು. ತಟ್ಟೆಯ ಮೇಲಿನ ಗುರುತುಗಳು ಎಷ್ಟು ಸೂಕ್ಷ್ಮವಾದರೂ ಓದಬಹುದೆಂಬ ದಾರಿ ಅದರಿಂದ ತೆರೆಯಿತು. ೨೦೦೭ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು.

ಇನ್ನು ನಮ್ಮ ಅಂಗಡಿಯ ಮೂಲೆಗೆ ಬರೋಣ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲೊಂದು ಸಣ್ಣ ಗಣಕಯಂತ್ರ. ಲೆಕ್ಕವನ್ನೂ ಅದೇ ಬರೆಯಬೇಕು, ನಾಲ್ಕು ಕ್ಯಾಮರಾಗಳ ಚಿತ್ರವನ್ನೂ ಅದೇ ಹಿಡಿಯಬೇಕು. ಒಂದು ಕ್ಯಾಮರಾ ಸೆಕೆಂಡಿಗೆ ಎರಡು ಮೆಗಾಬಿಟ್ಟಿನಂತೆ ಚಿತ್ರ ಕಳಿಸಿದರೆ ದಿನಕ್ಕೆ ೨೧.೬ ಗಿಗಾಬೈಟು, ನಾಲ್ಕಕ್ಕೆ ೮೬.೪. ರಾಮಾಕ್‌ನ ಒಂದು ಟನ್ ನೆನಪು ಈ ಲೆಕ್ಕದಲ್ಲಿ ಒಂದೇ ಕ್ಯಾಮರಾದ ಹದಿನೈದು ಸೆಕೆಂಡಿಗೆ ಮುಗಿಯುತ್ತಿತ್ತು. ಒಂದು ಟೆರಾಬೈಟಿನ ಡಿಸ್ಕು ಇದ್ದರೂ ಹನ್ನೆರಡನೆಯ ದಿನ ತುಂಬಿಹೋಗುತ್ತದೆ. ಅಂಗಡಿಯವರು ಇನ್ನೊಂದು ಹಾರ್ಡ್ ಡಿಸ್ಕು ಸೇರಿಸಬೇಕೆಂದು ಹೊರಡುವುದು ಆಗ. ಪೆಟ್ಟಿಗೆಯ ಮುಚ್ಚಳ ತೆಗೆದು, ಖಾಲಿ ಗೂಡಿದೆಯೇ, ವಿದ್ಯುತ್ತಿನ ಇನ್ನೊಂದು ಕವಲಿದೆಯೇ, ಹೆಚ್ಚಿದ ಬಿಸಿ ಹೊರಹೋಗಲು ದಾರಿಯಿದೆಯೇ ಎಂದು ನೋಡಿಕೊಳ್ಳಬೇಕು. ಎರಡು ಟೆರಾಬೈಟಿಗಿಂತ ದೊಡ್ಡ ಡಿಸ್ಕಾದರೆ, ಅದನ್ನು ಭಾಗಗಳಾಗಿ ಗುರುತಿಸುವ ಹಳೆಯ ಕ್ರಮ ಅಲ್ಲಿಗೇ ಎಣಿಕೆ ನಿಲ್ಲಿಸಿಬಿಡುತ್ತದೆ. ಹೊಸ ಕ್ರಮ ಬೇಕು. ಕಾವಲಿಗೆಂದೇ ಮಾಡಿದ ಡಿಸ್ಕುಗಳ ಸ್ವಭಾವವೂ ಬೇರೆ. ಸಾಮಾನ್ಯ ಡಿಸ್ಕು ಒಂದು ಅಕ್ಷರ ಸರಿಯಾಗಿ ಓದಲು ಬಾರದಿದ್ದರೆ ಅಲ್ಲೇ ನಿಂತು ಮತ್ತೆ ಮತ್ತೆ ಯತ್ನಿಸುತ್ತದೆ. ಕಾವಲಿನ ಡಿಸ್ಕು ಒಂದು ಚಿತ್ರ ಕೆಟ್ಟರೆ ಕೆಡಲಿ, ಮುಂದಿನದು ತಪ್ಪಬಾರದೆಂದು ಮುಂದೆ ಸಾಗುತ್ತದೆ.

ಇದೆಲ್ಲ ಯಂತ್ರದ ರಿಪೇರಿಯವರ ಮಾತೆಂದು ತಳ್ಳಿಹಾಕುವಂತಿಲ್ಲ. ತುಂಬಿದ ಡಿಸ್ಕು ಯಾರನ್ನೂ ಕೇಳದೆ ಅತ್ಯಂತ ಹಳೆಯ ದಿನವನ್ನು ಅಳಿಸಿ ಇಂದಿನ ದಿನವನ್ನು ಬರೆಯುತ್ತದೆ. ಯಾವ ಘಟನೆ ಉಳಿಯಬೇಕು, ಯಾವುದು ಅಳಿಯಬೇಕು ಎಂದು ಅಲ್ಲಿ ಯಾರೂ ವಿವೇಚಿಸುವುದಿಲ್ಲ. ಡಿಸ್ಕು ಕೊಂಡ ದಿನ ಕೈಯಲ್ಲಿದ್ದ ಹಣವೇ ಅದನ್ನು ತೀರ್ಮಾನಿಸಿರುತ್ತದೆ. ಹದಿನೈದನೆಯ ದಿನ ಧೈರ್ಯ ಮಾಡಿ ದೂರು ಕೊಡಲು ಬಂದ ಹೆಣ್ಣುಮಗಳಿಗೆ ಹನ್ನೊಂದು ದಿನದ ನೆನಪಿನಿಂದ ಪ್ರಯೋಜನವೇನು? ಹಾಗೆಂದು ಎಲ್ಲರ ಓಡಾಟವನ್ನೂ ಎಂದೆಂದಿಗೂ ಕೂಡಿಡುವುದು ನನಗೆ ಒಪ್ಪಿಗೆಯಲ್ಲ. ಯಾರು ಯಾವ ವೈದ್ಯರ ಬಾಗಿಲು ತಟ್ಟಿದರೆಂಬುದು ಊರಿನ ಆಸ್ತಿಯಾಗಬಾರದು. ಅವಧಿಯನ್ನು ಮನುಷ್ಯರು ಯೋಚಿಸಿ ನಿಶ್ಚಯಿಸಬೇಕೆಂಬುದಷ್ಟೇ ನನ್ನ ಮಾತು.

ಕಾನೂನು ಈ ಮಾತಿಗೆ ಈಚೆಗೆ ಕಿವಿಗೊಟ್ಟಿದೆ. ಒಂದೇ ಹೊತ್ತಿಗೆ ನೂರು ಜನ, ಇಲ್ಲವೆ ದಿನಕ್ಕೆ ಐನೂರು ಜನ ಸೇರುವ ಸ್ಥಳಗಳಲ್ಲಿ ಕ್ಯಾಮರಾ ಇರಬೇಕು, ಚಿತ್ರವನ್ನು ಮೂವತ್ತು ದಿನ ಕಾದಿಡಬೇಕು ಎಂದು ಕರ್ನಾಟಕದ ೨೦೧೭ರ ಸಾರ್ವಜನಿಕ ಸುರಕ್ಷತೆಯ ಅಧಿನಿಯಮ ವಿಧಿಸಿತು. ಆ ಮೂವತ್ತರಲ್ಲಿ ಹಳೆಯ ಮೂವತ್ತೊಂದು ಕ್ಯಾಸೆಟ್ಟುಗಳ ನೆರಳು ನನಗೆ ಕಾಣುತ್ತದೆ. ನಮ್ಮ ನಾಲ್ಕು ಕ್ಯಾಮರಾಗಳ ಅಂಗಡಿ ಅಷ್ಟು ದಿನ ನೆನಪಿಡಬೇಕಾದರೆ ಸುಮಾರು ೨,೬೦೦ ಗಿಗಾಬೈಟು ಬೇಕು.

ಇನ್ನೂ ದೊಡ್ಡ ಮಾತು ಬಂದದ್ದು ೨೦೨೦ರ ಡಿಸೆಂಬರ್ ೨ರಂದು. ಪೊಲೀಸರ ವಶದಲ್ಲಿದ್ದವರ ಮೇಲಿನ ಹಿಂಸೆಯನ್ನು ತಡೆಯಲೆಂದು ಸುಪ್ರೀಂ ಕೋರ್ಟು, ದೇಶದ ಪ್ರತಿ ಠಾಣೆಯ ಬಾಗಿಲು, ಲಾಕಪ್ಪು, ಓಣಿ, ಇನ್‌ಸ್ಪೆಕ್ಟರರ ಕೋಣೆಗಳಲ್ಲೆಲ್ಲ ಕ್ಯಾಮರಾ ಇರಬೇಕು, ಧ್ವನಿಸಹಿತ ಮುದ್ರಿಕೆಯನ್ನು ಹದಿನೆಂಟು ತಿಂಗಳು ಕಾಪಾಡಬೇಕು ಎಂದು ಆದೇಶಿಸಿತು. ಅಷ್ಟು ಹಿಡಿಸುವ ಯಂತ್ರ ಮಾರುಕಟ್ಟೆಯಲ್ಲಿ ಸಿಗದಿದ್ದರೆ ಸಿಗುವುದರಲ್ಲೇ ಅತಿ ಹೆಚ್ಚು ಹಿಡಿಸುವುದನ್ನು ಕೊಳ್ಳಬೇಕು, ಒಂದು ವರ್ಷಕ್ಕಂತೂ ಕಡಿಮೆಯಾಗಕೂಡದು ಎಂದೂ ಸೇರಿಸಿತು. ಲಾಕಪ್ಪಿನಲ್ಲಿ ಕುಳಿತವನ ಪಕ್ಷದ ಸಾಕ್ಷಿಗೆ ಎಷ್ಟು ಟೆರಾಬೈಟು ಬೇಕೆಂದು ನ್ಯಾಯಾಲಯವೇ ಚಿಂತಿಸಬೇಕಾಯಿತು. ಹದಿನೆಂಟು ತಿಂಗಳಿಗೆ, ನಮ್ಮ ಅಂಗಡಿಯ ಅಳತೆಯಲ್ಲೇ, ಒಂದೊಂದು ಕ್ಯಾಮರಾಕ್ಕೆ ಹತ್ತಿರ ಹತ್ತಿರ ೧೨,೦೦೦ ಗಿಗಾಬೈಟು. ೨೦೨೫ರ ಸೆಪ್ಟೆಂಬರಿನಲ್ಲಿ, ಠಾಣೆಗಳಲ್ಲಿ ಕೆಲಸ ಮಾಡುವ ಕ್ಯಾಮರಾಗಳೇ ಸಾಲದೆಂಬ ಪತ್ರಿಕಾ ವರದಿಯನ್ನು ನೋಡಿ, ಅದೇ ನ್ಯಾಯಾಲಯ ತಾನಾಗಿಯೇ ವಿಚಾರಣೆಯನ್ನು ಕೈಗೆತ್ತಿಕೊಂಡಿತು.